ನಾಲೆ ಏರಿ ಹಿಡಿದು ಹೊರಟರೆ...

ಶ್ರೀರಂಗಪಟ್ಟಣಕ್ಕೆ ಹೋದವರು ಏನೇನು ನೋಡುತ್ತಾರೆ ಅಂತ ಕೇಳಿದರೆ ಪಟ್ಟಿ ರೆಡಿ ಇರುತ್ತೆ. ರಂಗನಾಥನ ಗುಡಿ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ, ಟೈಮಿದ್ದರೆ ನಿಮಿಷಾಂಬ. ನಾನೂ ಸ್ಕೂಲ್ ಟ್ರಿಪ್ಪಿನಿಂದ ಹಿಡಿದು ನೆಂಟರನ್ನು ಕರೆದುಕೊಂಡು ಹೋಗುವವರೆಗೆ ಈ ಪಟ್ಟಿಯನ್ನೇ ಹತ್ತಾರು ಸಲ ಮುಗಿಸಿದ್ದೇನೆ. ಮಧ್ಯೆ ಎಷ್ಟೋ ಕಡೆ ಬಸ್ಸು ಒಂದು ಸಣ್ಣ ಸೇತುವೆ ದಾಟುತ್ತೆ, ಕೆಳಗೆ ನೀರು ಸದ್ದಿಲ್ಲದೆ ಹೋಗುತ್ತಿರುತ್ತೆ. "ನಾಲೆ" ಅಂದುಕೊಂಡು ಮುಂದಿನ ಸ್ಟಾಪಿನ ಕಡೆ ನೋಡೋದು, ಅಷ್ಟೆ. ಕೋಟೆ ಚರಿತ್ರೆ, ನಾಲೆ ಬರೀ ನೀರು. ಹಾಗಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಹಿಂದೆ ಬಿದ್ದು ನೋಡಿದ್ದು ತೀರಾ ಈಚೆಗೆ. ಒಂದು ಭಾನುವಾರ ನಡೆದುಕೊಂಡು, ಇನ್ನೊಂದು ಭಾನುವಾರ ಸೈಕಲ್ಲಿನಲ್ಲಿ, ಕೊನೆಗೆ ಸ್ವಲ್ಪ ದೂರ ನೀರಿನ ಮೇಲೇ. ಮೂರೂ ಸಲ ಬೇರೆ ಬೇರೆ ಪಾಠ ಆಯಿತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

*

ಮೊದಲು ಕಾಲ್ನಡಿಗೆ. ಶುರು ಮಾಡಿದ್ದು ಬಲಮುರಿಯಿಂದ. ಮೈಸೂರಿನವರಿಗೆ ಬಲಮುರಿ ಅಂದರೆ ನೀರಲ್ಲಿ ಕಾಲು ಇಳಿಬಿಟ್ಟು ಚಿತ್ರಾನ್ನ ತಿನ್ನುವ ಜಾಗ. ಅಗಲಕ್ಕೆ ಮಗ್ಗುಲಾಗಿ ಧುಮುಕುವ ಆ ನೀರಿಗೆ ಎಲ್ಲರೂ 'ಫಾಲ್ಸ್' ಅಂತಾರೆ. ಫಾಲ್ಸೂ ಅಲ್ಲ ಗೀಲ್ಸೂ ಅಲ್ಲ. ಅದು ಒಂದು ಹಳೇ ಅಣೆ! ನದಿಗೆ ಅಡ್ಡಲಾಗಿ ಕಲ್ಲು ಪೇರಿಸಿ ಕಟ್ಟಿದ ಒಡ್ಡು. ಇವತ್ತಿನ ಡ್ಯಾಮಿನ ಹಾಗೆ ನೀರನ್ನು ಕೂಡಿಹಾಕುವ ಉದ್ದೇಶ ಇದಕ್ಕಿಲ್ಲ. ನದಿಯ ಮಟ್ಟವನ್ನು ಸ್ವಲ್ಪ ಮೇಲೆತ್ತಿ, ಬೇಕಾದಷ್ಟನ್ನು ಪಕ್ಕದ ಕಾಲುವೆಗೆ ತಿರುಗಿಸಿ, ಮಿಕ್ಕಿದ್ದನ್ನು ತಲೆಯ ಮೇಲೆ ಹರಿಯಲು ಬಿಡುವುದು, ಅಷ್ಟೇ ಕೆಲಸ. ಪ್ರವಾಹ ಬಂದರೆ ಒಡ್ಡು ಮುಳುಗಿ ಸುಮ್ಮನಿರುತ್ತೆ. ನದಿಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ.

ಇಲ್ಲಿಂದ ಬಲದಂಡೆಗೆ ಹೊರಡುವುದೇ ವಿರಿಜಾ ನಾಲೆ. ಇಂಥವು ಈ ಸೀಮೆಯಲ್ಲಿ ಹಲವು. ಇದಕ್ಕಿಂತ ಮೇಲೆ ಮಡದಕಟ್ಟೆಯ ಹತ್ತಿರ ಎಡದಂಡೆಗೆ ಹೊರಡುವುದು ಚಿಕ್ಕದೇವರಾಜ ಸಾಗರ ನಾಲೆ. ಈಗ ಎಲ್ಲರ ಬಾಯಲ್ಲಿ 'ಸಿಡಿಎಸ್ ನಾಲೆ'. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಮೂರು ಅಕ್ಷರದೊಳಗೆ ಅಡಗಿ ಕೂತಿದ್ದಾರೆ. ಅದರಿಂದ ಕೆಳಗೆ ಬಂಗಾರದೊಡ್ಡಿ ನಾಲೆ. ಅದು ಕಾವೇರಿಯ ಒಂದು ಕವಲನ್ನೇ ಕಲ್ಲಿನ ಮೇಲ್ಗಾಲುವೆಯಲ್ಲಿ ದಾಟಿಕೊಂಡು ಶ್ರೀರಂಗಪಟ್ಟಣದ ದ್ವೀಪಕ್ಕೆ ಬರುತ್ತೆ. ನದಿಯ ಮೇಲೆ ನದಿ! ಇನ್ನೂ ಕೆಳಗೆ ತಲಕಾಡಿನ ಕಡೆ ಹೋದರೆ ಮಾಧವಮಂತ್ರಿ ಅಣೆ. ಅದು ಹೆಸರಿನಲ್ಲೇ ವಿಜಯನಗರದ ಕಾಲಕ್ಕೆ ಕರೆದುಕೊಂಡು ಹೋಗುತ್ತೆ.

ನಾಲೆ ಏರಿಯ ಮೇಲೆ ಒಂದು ಗಂಟೆ ನಡೆದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಸುಸ್ತೇ ಆಗಿರಲಿಲ್ಲ. ಯಾಕೆ ಅಂತ ಯೋಚಿಸಿದರೆ, ಎಲ್ಲೂ ಹತ್ತಿಲ್ಲ, ಇಳಿದಿಲ್ಲ. ನಾಲೆ ಹೋಗುವುದೇ ಹಾಗೆ. ನೆಲ ಎಲ್ಲಿ ಒಂದೇ ಮಟ್ಟದಲ್ಲಿದೆಯೋ ಅಲ್ಲೇ, ಗೊತ್ತೇ ಆಗದಷ್ಟು ಇಳಿಜಾರಿನಲ್ಲಿ, ದಿಣ್ಣೆ ಎದುರಾದರೆ ಸುತ್ತು ಹಾಕಿಕೊಂಡು. ಹಾವಿನ ಹಾಗೆ ಸುಮ್ಮಸುಮ್ಮನೆ ಡೊಂಕಾಗಿ ಹೋಗಿದೆ ಅಂತ ಮೇಲ್ನೋಟಕ್ಕೆ ಅನಿಸುತ್ತೆ. ಪ್ರತಿ ಡೊಂಕಿಗೂ ಒಂದು ಕಾರಣ ಇದೆ. ಒಂದಡಿ ಮಟ್ಟ ಕಳೆದುಕೊಂಡರೆ ಆಮೇಲೆ ಸಿಗಬೇಕಾದ ಗದ್ದೆಗಳೆಲ್ಲ ಕೈತಪ್ಪಿದ ಹಾಗೆ. ಮುನ್ನೂರು ವರ್ಷದ ಹಿಂದೆ ಯಾರೋ ಈ ನೆಲವನ್ನು ಅಡಿ ಅಡಿಯಾಗಿ ನಡೆದೇ ಅಳೆದಿದ್ದಾರೆ. ಒಡೆಯರ ಹೆಸರು ಉಳಿಯಿತು. ಕಲ್ಲು ಒಡೆದ ಒಡ್ಡರದ್ದು, ಬುಟ್ಟಿಯಲ್ಲಿ ಮಣ್ಣು ಹೊತ್ತ ಹೆಂಗಸರದ್ದು ಉಳಿಯಲಿಲ್ಲ. ಅವರು ಎಳೆದ ಗೆರೆ ಮಾತ್ರ ಇನ್ನೂ ಹಾಗೇ ಇದೆ.

ಗೆರೆ ಅಂದೆನಲ್ಲ, ಅದು ನಿಜವಾಗಿಯೂ ಗೆರೆ. ಒಂದು ಕಡೆ ಭತ್ತ, ಕಬ್ಬು, ಅಡಿಕೆ, ತೆಂಗು. ಇನ್ನೊಂದು ಕಡೆ, ಅಂದರೆ ಮೇಲುಗಡೆ, ರಾಗಿ, ಹುರುಳಿ, ಜಾಲಿಗಿಡ. ಎರಡಕ್ಕೂ ನಡುವೆ ಇರುವುದು ನಾಲ್ಕು ಮಾರು ನೀರು. ಕಂದಾಯದ ಹಳೇ ಕಾಗದಗಳಲ್ಲಿ ತರಿ, ಖುಷ್ಕಿ, ಬಾಗಾಯ್ತು ಅಂತ ಬರುತ್ತಲ್ಲ, ಅದನ್ನು ಕಣ್ಣಾರೆ ನೋಡಬೇಕಾದರೆ ನಾಲೆ ಏರಿಯ ಮೇಲೆ ನಿಲ್ಲಬೇಕು. ಯಾರ ಜಮೀನು ಗೆರೆಯ ಯಾವ ಕಡೆ ಬಿತ್ತು ಅನ್ನುವುದರ ಮೇಲೆ ತಲೆಮಾರುಗಳ ಸಾಲ-ಸೋಲ, ಮದುವೆ-ಮುಂಜಿ ಎಲ್ಲ ನಿಂತಿತ್ತು. ರಾಜರ ಯುದ್ಧಗಳಿಗಿಂತ ಇದು ಸಣ್ಣ ಚರಿತ್ರೆ ಅಂತ ನನಗಂತೂ ಅನಿಸಲಿಲ್ಲ.

ಯುದ್ಧ ಅಂದಾಗ ನೆನಪಾಯಿತು. ಇದೇ ಬಲದಂಡೆಯ ನಾಲೆಗಳ ನಡುವೆ ಒಬ್ಬ ಭಾರಿ ಮನುಷ್ಯ ದಾರಿ ತಪ್ಪಿದ ಕಥೆ ಇದೆ. 1799ರ ಏಪ್ರಿಲ್ 5ರ ರಾತ್ರಿ. ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟಿದೆ. ಕೋಟೆಯ ನೈಋತ್ಯಕ್ಕೆ ಸುಲ್ತಾನ್‌ಪೇಟೆ ತೋಪು ಅಂತ ಒಂದು ದಟ್ಟ ತೋಪು, ಅದರ ತುಂಬ ಅಡ್ಡಾದಿಡ್ಡಿ ಕಾಲುವೆಗಳು. ಅಲ್ಲಿದ್ದ ಟಿಪ್ಪುವಿನ ಸೈನಿಕರನ್ನು ಓಡಿಸಿ ಅಂತ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಆಜ್ಞೆ. ಜಾಗವನ್ನು ಹಗಲಲ್ಲಿ ಸರಿಯಾಗಿ ನೋಡದೆ ಕತ್ತಲಲ್ಲಿ ನುಗ್ಗಿದ. ಮರ, ಕಾಲುವೆ, ದಿಬ್ಬ ಎಲ್ಲ ಕಲಸಿಹೋಗಿ ಸೈನ್ಯ ಚೆಲ್ಲಾಪಿಲ್ಲಿಯಾಯಿತು, ಕೆಲವರು ಸೆರೆಸಿಕ್ಕರು, ಅವನ ಮೊಣಕಾಲಿಗೇ ಒಂದು ಗುಂಡು ತಾಗಿತು. ಸೋತು ವಾಪಸ್ ಬಂದ. ಮಾರನೇ ದಿನ ಬೆಳಕಿನಲ್ಲಿ, ಹೆಚ್ಚು ಸೈನ್ಯದೊಂದಿಗೆ ಹೋದಾಗ ಅದೇ ತೋಪು ಸುಲಭವಾಗಿ ಕೈಗೆ ಬಂತು. ಹಗಲಲ್ಲಿ ಪರೀಕ್ಷಿಸದ ಜಾಗದ ಮೇಲೆ ರಾತ್ರಿ ಎಂದೂ ದಾಳಿ ಮಾಡುವುದಿಲ್ಲ ಅಂತ ಆಮೇಲೆ ತೀರ್ಮಾನ ಮಾಡಿಕೊಂಡನಂತೆ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ನಮ್ಮ ಗದ್ದೆಗೆ ನೀರು ಕೊಡುವ ಕಾಲುವೆಗಳು ಅವನಿಗೂ ಒಂದು ಪಾಠ ಕಲಿಸಿದ್ದವು!

ಪಟ್ಟಣ ಬಿದ್ದದ್ದು ಮೇ 4ಕ್ಕೆ. ಮಾರನೇ ವರ್ಷ, 1800ರಲ್ಲಿ, ಇನ್ನೊಬ್ಬ ಬಂದ. ಫ್ರಾನ್ಸಿಸ್ ಬುಕಾನನ್, ವೈದ್ಯ. ಗೆದ್ದ ದೇಶದಲ್ಲಿ ಏನೇನಿದೆ ನೋಡಿ ಬಾ ಅಂತ ಕಳಿಸಿದ್ದು ಗವರ್ನರ್ ಜನರಲ್, ಅಂದರೆ ಆರ್ಥರ್‌ನ ಅಣ್ಣ. ಬುಕಾನನ್ ಅವಸರ ಮಾಡಲಿಲ್ಲ. ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿ ದಿನದಿನದ ಲೆಕ್ಕ ಬರೆದ. ಯಾವ ಊರಲ್ಲಿ ಯಾವ ಮಣ್ಣು, ಏನು ಬಿತ್ತುತ್ತಾರೆ, ಅಣೆ ಎಲ್ಲಿದೆ, ಕಾಲುವೆ ಯಾವುದು ಅಂತ. 1807ರಲ್ಲಿ ಅದು ಮೂರು ಸಂಪುಟಗಳ ಪುಸ್ತಕವಾಗಿ ಬಂತು. ಅವನು ಬಂದದ್ದು ಕಂಪನಿಯ ಲಾಭಕ್ಕೆ, ಸಂಶಯವೇ ಇಲ್ಲ. ಆದರೂ ಇನ್ನೂರು ವರ್ಷದ ಹಿಂದೆ ನಮ್ಮ ಹಳ್ಳಿಗಳಲ್ಲಿ ಏನು ಬೆಳೆಯುತ್ತಿದ್ದರು ಅಂತ ತಿಳಿಯಬೇಕಾದರೆ ಇವತ್ತಿಗೂ ಅವನ ಬಾಗಿಲನ್ನೇ ತಟ್ಟಬೇಕು. ಕಾರಣ ಇಷ್ಟೇ, ಅವನು ನಿಧಾನಕ್ಕೆ ಹೋದ, ಸಿಕ್ಕವರನ್ನೆಲ್ಲ ಕೇಳಿದ.

ನಾನೂ ಕೇಳೋಣ ಅಂದುಕೊಂಡರೆ, ಪಾಲಹಳ್ಳಿ ಕಡೆ ಹೋಗುವಾಗ ತೂಬಿನ ಹತ್ತಿರ ಕೂತಿದ್ದ ಒಬ್ಬ ಯಜಮಾನರೇ ನನ್ನನ್ನು ಮೊದಲು ಕೇಳಿದರು. "ಯಾವ್ ಡಿಪಾರ್ಟ್‌ಮೆಂಟು ಸಾ?" ಡಿಪಾರ್ಟ್‌ಮೆಂಟ್ ಇಲ್ಲ, ಸುಮ್ಮನೆ ನಾಲೆ ನೋಡೋಕೆ ಬಂದೆ ಅಂದೆ. ನಂಬಲಿಲ್ಲ. ಬೀಡಿ ಹಚ್ಚಿ, "ನಾಲೆ ಏನ್ ನೋಡೀರಿ, ನಮ್ಮಪ್ಪ ದಿನಾ ನೋಡ್ತಿದ್ದ" ಅಂದರು. ಅವರಪ್ಪ ನೀರುಗಂಟಿಯಾಗಿದ್ದರಂತೆ.

ನೀರುಗಂಟಿ ಅನ್ನುವ ಪದ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಗೌಡ, ಶಾನುಭೋಗ, ತಳವಾರ, ಅಗಸ, ಬಡಗಿ ಇವರ ಹಾಗೇ ಊರಿನ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಅಂತ ತೂಬು ತೆಗೆದು ಮುಚ್ಚುವುದು ಅವನ ಕೆಲಸ. ಸಂಬಳ ಇಲ್ಲ, ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯದ ಪಾಲು. ಈ ಯಜಮಾನರ ಅಪ್ಪ ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ತನ್ನ ಪಾಲಿನ ಏರಿಯನ್ನು ಉದ್ದಕ್ಕೂ ನಡೆಯುತ್ತಿದ್ದರಂತೆ. ಏಡಿ ತೋಡಿದ ತೂತು ಎಲ್ಲಿದೆ ಅಂತ ನೋಡಿ, ಹಸಿ ಮಣ್ಣು ಮೆತ್ತಿ ಕಾಲಲ್ಲಿ ತುಳಿದು ಬರುವುದು. "ತೂತು ಬೆಟ್ಟಷ್ಟಿದ್ದಾಗ್ಲೇ ಮುಚ್ಚಬೇಕು ಸಾ. ಬಿಟ್ರೆ ಏರಿನೇ ಹೋಯ್ತದೆ." ಈಗ ಯಾರು ನೋಡ್ತಾರೆ ಅಂದೆ. ಬೀಡಿ ಹೊಗೆ ಬಿಟ್ಟು ನಕ್ಕರು, ಅಷ್ಟೆ.

*

ಎರಡನೇ ಭಾನುವಾರ ಸೈಕಲ್ಲು. ಈ ಸಲ ಎಡದಂಡೆ, ಕನ್ನಂಬಾಡಿಯಿಂದ ಪಾಂಡವಪುರದ ಕಡೆಗೆ ವಿಶ್ವೇಶ್ವರಯ್ಯ ನಾಲೆಯ ಗುಂಟ.

ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಗೊತ್ತು, ಉದ್ದ ಮಾಡುವುದಿಲ್ಲ. 1911ರಲ್ಲಿ ಕೆಲಸ ಶುರು, ಆಗ ಚೀಫ್ ಎಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯನವರು. ಮದ್ರಾಸಿನ ಜೊತೆ ತಕರಾರು, 1924ರ ಒಪ್ಪಂದ, ಕೊನೆಗೆ 1930ರ ದಶಕದ ಆರಂಭದಲ್ಲಿ 124 ಅಡಿಯ ಕಟ್ಟೆ ಪೂರ್ತಿ. ಅಡಿಪಾಯ ತೋಡುವಾಗ ಸಿಕ್ಕ ಟಿಪ್ಪುವಿನ ಕಾಲದ ಪರ್ಷಿಯನ್ ಶಾಸನವನ್ನು ಅಲ್ಲೇ ನಿಲ್ಲಿಸಿದ್ದಾರೆ. ಹಳೇ ಕನ್ನಂಬಾಡಿ ಊರು ನೀರಿನೊಳಗೆ ಹೋಯಿತು. ವೇಣುಗೋಪಾಲಸ್ವಾಮಿ ಗುಡಿಯನ್ನು ಎಷ್ಟೋ ವರ್ಷದ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು.

ಕಟ್ಟೆಯಿಂದ ಹೊರಟ ಈ ದೊಡ್ಡ ನಾಲೆಗೆ ಮೊದಲು ಇಟ್ಟ ಹೆಸರು ಇರ್ವಿನ್ ನಾಲೆ, ಆಗಿನ ವೈಸ್‌ರಾಯ್ ಹೆಸರು. ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು, ಈಗ ಬರೀ 'ವಿ.ಸಿ.' ಸೈಕಲ್ ತುಳಿಯುತ್ತಾ ನನಗೆ ಹೊಳೆದದ್ದು ಹಳೇ ನಾಲೆಗೂ ಇದಕ್ಕೂ ಇರುವ ವ್ಯತ್ಯಾಸ. ವಿರಿಜಾ ನಾಲೆ ದಿಣ್ಣೆ ಕಂಡರೆ ಸುತ್ತಿಕೊಂಡು ಹೋಗುತ್ತೆ. ಇದು ಹುಲಿಕೆರೆಯ ಹತ್ತಿರ ಗುಡ್ಡವನ್ನೇ ಕೊರೆದುಕೊಂಡು ಹೋಗುತ್ತೆ! ಸುಮಾರು 2.8 ಕಿ.ಮೀ. ಉದ್ದದ ಸುರಂಗ. ಕಾವೇರಿಯ ನೀರು ನೆಲದೊಳಗೆ ಹೊಕ್ಕು ಗುಡ್ಡದ ಆಚೆ, ಮಂಡ್ಯ-ಮದ್ದೂರಿನ ಒಣಸೀಮೆಗೆ ಎದ್ದು ಬರುತ್ತೆ. ಸುತ್ತಿ ಹೋಗಿದ್ದರೆ ಆ ಮಟ್ಟದಲ್ಲಿ ಅಲ್ಲಿಗೆ ತಲುಪುವುದೇ ಕಷ್ಟ. ಲಕ್ಷಕ್ಕೂ ಹೆಚ್ಚು ಎಕರೆ ನೀರಾವರಿಯಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಒಂದು ಜಿಲ್ಲೆ ಹುಟ್ಟಿದ್ದರ ಹಿಂದೆ ಒಂದು ತೂತಿದೆ ಅಂದರೆ ಮಂಡ್ಯದವರು ಬೇಜಾರು ಮಾಡಿಕೊಳ್ಳಬಾರದು.

ಆದರೆ ಈ ನಾಲೆಯ ಏರಿ ಕಾಲುದಾರಿಯಾಗಿ ಉಳಿದಿಲ್ಲ. ಎಷ್ಟೋ ಕಡೆ ಅದೇ ಊರಿಂದೂರಿಗೆ ರಸ್ತೆ. ಒಬ್ಬ ಮನುಷ್ಯ, ಒಂದು ಎತ್ತಿನಗಾಡಿಗೆ ಸಾಕಾಗುವ ಅಗಲದಲ್ಲಿ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲ ಓಡಾಡುತ್ತವೆ. ಕನಗನಮರಡಿಯ ಹತ್ತಿರ ಬಂದಾಗ ಸೈಕಲ್ ನಿಲ್ಲಿಸಿದೆ. 2018ರ ನವೆಂಬರ್ 24ರಂದು ಇಲ್ಲೇ ಒಂದು ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಸ್ಕೂಲಿನಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ತಡೆಗೋಡೆ ಇರಲಿಲ್ಲ. ಅದಾದ ಮೇಲೂ ಇದೇ ನಾಲೆಗೆ ಕಾರುಗಳು ಬಿದ್ದಿವೆ.

ನೀರು ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಅಲ್ಲಿ ಫೋಟೋ ತೆಗೆಯಲು ಮನಸ್ಸಾಗಲಿಲ್ಲ. ಸೈಕಲ್ಲಿನಲ್ಲಿ ಹೋಗುವಾಗ ಅಂಚು ಎಷ್ಟು ಹತ್ತಿರ ಇದೆ ಅಂತ ಮೈಗೇ ಗೊತ್ತಾಗುತ್ತೆ. ಬಸ್ಸಿನ ಕಿಟಕಿಯಿಂದ ಗೊತ್ತಾಗುವುದಿಲ್ಲ. ನಿಧಾನವಾಗಿ ನಡೆಯುವವರಿಗೆ ಅಂತ ಮಾಡಿದ ದಾರಿಯನ್ನು ಅವಸರದವರಿಗೆ ಕೊಟ್ಟೆವು, ಕೊಡುವಾಗ ನಡುವೆ ಒಂದು ಗೋಡೆ ಕಟ್ಟಬೇಕು ಅನ್ನುವುದನ್ನು ಮರೆತೆವು. ನಾಲೆಯ ಚರಿತ್ರೆ ಬರೆಯುವಾಗ ಕಟ್ಟಿಸಿದವರ ಹೆಸರಿನ ಜೊತೆ ಈ ದಿನವನ್ನೂ ಬರೆಯಬೇಕು ಅಂತ ನನ್ನ ಅನಿಸಿಕೆ.

ವಾಪಸ್ ಬರುವಾಗ ಸೈಕಲ್ಲು ಇನ್ನೊಂದು ಪಾಠ ಹೇಳಿತು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಪೆಡಲ್ಲೇ ಬೇಡ ಅನ್ನುವ ಹಾಗೆ ಬಂದಿದ್ದೆ. ವಾಪಸ್ ಹೋಗುವಾಗ ತೊಡೆ ಬಿಗಿಯಾಗಿ ಎರಡು ಕಡೆ ಇಳಿದು ತಳ್ಳಿದೆ. ಮೈಸೂರು ಪಟ್ಟಣಕ್ಕಿಂತ ಸುಮಾರು 80 ಮೀಟರ್ ಮೇಲಿದೆ. ದಿವಾನ್ ಪೂರ್ಣಯ್ಯನವರನ್ನು ಸೋಲಿಸಿದ್ದು ಈ ಎತ್ತರವೇ. 1799ರ ನಂತರ ರಾಜಧಾನಿ ಮೈಸೂರಿಗೆ ಬಂತು, ನದಿ ಮಾತ್ರ ಕೆಳಗೇ ಉಳಿಯಿತು. ಕಾವೇರಿಯನ್ನು ಮೈಸೂರಿಗೆ ತರೋಣ ಅಂತ ಪೂರ್ಣಯ್ಯನವರು ಬಹಳ ಕಷ್ಟಪಟ್ಟು ಒಂದು ನಾಲೆ ತೋಡಿಸಿದರು. ಕೆಲಸ ಕೈಗೂಡಲಿಲ್ಲ, ಕಾವೇರಿ ಬರಲಿಲ್ಲ. ಮಳೆನೀರು ಬಂತು, ಕಾಲಕ್ರಮದಲ್ಲಿ ಊರಿನ ಕೊಚ್ಚೆಯೂ ಸೇರಿತು. ಮೈಸೂರಿನಲ್ಲಿ 'ಪೂರ್ಣಯ್ಯ ನಾಲೆ' ಅಂದರೆ ಮೂಗು ಮುಚ್ಚಿಕೊಳ್ಳುವ ಹಾಗಾಯಿತು. ಇದೇ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಮಾತ್ರ ಇನ್ನೂ ಇದೆ. ಒಬ್ಬರದೇ ಎರಡು ಕೆಲಸ, ಒಂದು ನಿಂತಿತು, ಇನ್ನೊಂದು ನಾರಿತು. ಏದುಸಿರು ಬಿಡುತ್ತಾ ಏರು ಹತ್ತುವಾಗ ಪೂರ್ಣಯ್ಯನವರ ಮೇಲೆ ನನಗೆ ನಿಜವಾಗಿ ಪಾಪ ಅನಿಸಿತು.

*

ಇನ್ನು ನೀರಿನ ದಾರಿ. ನನಗೆ ಈಜು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಂಗಮದಲ್ಲಿ ಹರಿಗೋಲಿಗೆ ಕಾಲಿಟ್ಟಾಗ ಅಂಬಿಗ "ಮಧ್ಯೆ ಕೂತ್ಕಳಿ, ಅಲ್ಲಾಡಬ್ಯಾಡಿ" ಅಂದ. ಅಲ್ಲಾಡುವ ಧೈರ್ಯ ಯಾರಿಗಿತ್ತು!

ಬಿದಿರು ಹೆಣೆದ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಹಿಂದೆ ಪ್ಲಾಸ್ಟಿಕ್ ಜಾಗದಲ್ಲಿ ತೊಗಲು ಇರುತ್ತಿತ್ತು. ಉಳಿದಂತೆ ಏನೂ ಬದಲಾಗಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿರುತ್ತವೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕುವಾಗ ಗಿರಗಿರ ತಿರುಗುತ್ತಲೇ ಇರುತ್ತವೆ ಅಂತ. ಐನೂರು ವರ್ಷದ ನಂತರ ನಾನೂ ಅದೇ ವರದಿ ಕೊಡಬಲ್ಲೆ. ತಿರುಗುತ್ತಲೇ ಇರುತ್ತೆ!

ಇಲ್ಲಿಂದ ಮೇಲೆ ರಂಗನತಿಟ್ಟು. ಅಲ್ಲಿ ದೋಣಿ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳು, ಮರದ ತುಂಬ ಹಕ್ಕಿಗಳು. ಇದು ಪ್ರಕೃತಿ, ಚರಿತ್ರೆಗೂ ಇದಕ್ಕೂ ಏನು ಸಂಬಂಧ ಅಂದುಕೊಳ್ಳುತ್ತೇವೆ. ಈ ತಿಟ್ಟುಗಳು ಹುಟ್ಟಿದ್ದೇ ಒಂದು ಒಡ್ಡಿನಿಂದ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ನೀರು ನಿಂತು, ನಡುವೆ ಉಳಿದ ಎತ್ತರದ ಜಾಗಗಳು ದ್ವೀಪಗಳಾದವು. ಸುತ್ತ ನೀರು ಇರುವ ಕಡೆ ಹಕ್ಕಿಗಳಿಗೆ ಕ್ಷೇಮ, ಬಂದು ಗೂಡು ಕಟ್ಟಿದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಮೈಸೂರು ಸಂಸ್ಥಾನ ಇದನ್ನು ರಕ್ಷಿತ ಜಾಗ ಮಾಡಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದಲ್ಲಿ ಮೊದಲನೆಯದು. ಭತ್ತಕ್ಕೆ ನೀರು ಕೊಡಲು ಕಟ್ಟಿದ ಕಲ್ಲಿನ ಸಾಲು ಕೊಕ್ಕರೆಗೂ ಮನೆ ಮಾಡಿಕೊಟ್ಟಿತು. ಕಟ್ಟಿಸಿದವರಿಗೆ ಇದು ಕನಸಿನಲ್ಲೂ ಇದ್ದಿರಲಾರದು.

ನೀರಿನ ಮೇಲೆ ಕೂತು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತೆ. ಈ ಭಾಗದ ಕಾವೇರಿ 'ಸಹಜ'ವಾದ ನದಿಯಲ್ಲ. ಒಂದು ಒಡ್ಡಿನ ಹಿಂದೆ ಕನ್ನಡಿಯಂತೆ ನಿಲ್ಲುತ್ತಾಳೆ, ದಾಟಿದ ಮೇಲೆ ಬಂಡೆಗಳ ನಡುವೆ ಗಲಾಟೆ ಮಾಡುತ್ತಾಳೆ, ಮುಂದಿನ ಒಡ್ಡಿಗೆ ಮತ್ತೆ ಸುಮ್ಮನಾಗುತ್ತಾಳೆ. ಶತಮಾನಗಳಿಂದ ಜನ ಅವಳ ಜೊತೆ ಮಾತುಕತೆ ಮಾಡಿಕೊಂಡು ಬಂದಿದ್ದಾರೆ.

*

ಮನೆಗೆ ಬಂದು ಮೂರೂ ದಿನದ ಫೋಟೋಗಳನ್ನು ಸಾಲಾಗಿ ನೋಡುವಾಗ ಮತ್ತೆ ಮತ್ತೆ ನೆನಪಾದದ್ದು ಆ ಯಜಮಾನರ ಅಪ್ಪ. ಕೋಟೆಗೆ ಬೋರ್ಡ್ ಇದೆ, ಗುಂಬಜ್‌ಗೆ ಗೈಡ್ ಇದ್ದಾನೆ. 1799ಕ್ಕೆ ಕೋಟೆಯ ಕೆಲಸ ಮುಗಿಯಿತು. ಅದಕ್ಕಿಂತ ಮುಂಚೆ ತೋಡಿದ ನಾಲೆ ಇವತ್ತು ಬೆಳಿಗ್ಗೆಯೂ ಯಾರದೋ ಗದ್ದೆಗೆ ನೀರು ಬಿಟ್ಟಿದೆ. ಅದು ಉಳಿದದ್ದು ಕಟ್ಟಿಸಿದ ರಾಜರಿಂದ ಮಾತ್ರ ಅಲ್ಲ. ದಿನಾ ಎರಡು ಹೊತ್ತು ಏರಿ ನಡೆದು, ಏಡಿ ತೂತು ಮುಚ್ಚಿದವರಿಂದ. ಆ ನಡಿಗೆ ಈಗ ನಿಂತಿದೆ. ಎಷ್ಟೋ ಕಡೆ ಏರಿಗೆ ಕಾಂಕ್ರೀಟ್ ಬಂದಿದೆ, ಕಾಂಕ್ರೀಟ್ ಬಿರುಕು ಬಿಟ್ಟ ಕಡೆ ನೋಡುವವರಿಲ್ಲ.

ನಮಗೆ ಮಣ್ಣು ಮೆತ್ತಲು ಬರುವುದಿಲ್ಲ, ನಿಜ. ನಡೆಯಲು ಬರುತ್ತಲ್ಲ? ಕಟ್ಟೆ, ಅಣೆ, ಕೆರೆ ಕೋಡಿ, ಕಾಲುವೆ ಯಾವುದೂ ಇಲ್ಲದ ಊರು ನಮ್ಮಲ್ಲಿ ಕಡಿಮೆ. ನಿಮ್ಮೂರಿನ ನೀರು ಎಲ್ಲಿಂದ ಬರುತ್ತೆ ಅಂತ ಒಂದು ಭಾನುವಾರ ಹಿಂದೆ ಬಿದ್ದು ನೋಡಿ. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿ. ಅದರ ಹೆಸರೇನು, ಯಾರು ನೋಡಿಕೊಳ್ಳುತ್ತಿದ್ದರು ಅಂತ ಕೇಳಿ ಬರೆದಿಡಿ. ನೀರುಗಂಟಿಗಳನ್ನು ಕಂಡವರು ಇನ್ನೂ ಇದ್ದಾರೆ, ಬಹಳ ಜನ ಇಲ್ಲ.

ಹಗಲಲ್ಲೇ ಹೋಗಿ ಮತ್ತೆ. ವೆಲ್ಲೆಸ್ಲಿಯ ಪಾಡು ಆಗೋದು ಬೇಡ :)